ಕೈಯಲ್ಲಿ ನರ ಉಬ್ಬಿದೆಯೇ, ಗಂಟು ಎದ್ದಿದೆಯೇ? ಮನೆಯಲ್ಲೇ ಗುರುತಿಸಿ ಆರೈಕೆ ಮಾಡುವ ಸಮಗ್ರ ಮಾರ್ಗದರ್ಶಿ

ಕೈ ಮೇಲೆ ಏನಾದರೂ ಉಬ್ಬಿದ್ದು ಕಂಡ ತಕ್ಷಣ ಹೆಚ್ಚಿನವರು ಅದನ್ನು ಒತ್ತುತ್ತಾರೆ. ಆಮೇಲೆ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಹೋಗದಿದ್ದರೆ ಬಿಗಿಯಾಗಿ ಬಟ್ಟೆ ಕಟ್ಟುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕೆಲವರು ಸೂಜಿಯನ್ನೇ ಹಿಡಿಯುತ್ತಾರೆ. ಅದು ಏನು ಎಂದು ಸರಿಯಾಗಿ ನೋಡುವ ಕೆಲಸ ಮಾತ್ರ ಕೊನೆಗೆ ಉಳಿದುಬಿಡುತ್ತದೆ.

ಬಿಸಿಲಿಗೆ ಉಬ್ಬಿದ ಮಾಮೂಲಿ ರಕ್ತನಾಳ (ಆಡುಮಾತಿನಲ್ಲಿ ನರ ಎನ್ನುವುದು ಇದನ್ನೇ), ಸಲೈನ್ ಹಾಕಿದ ಮೇಲೆ ಗಟ್ಟಿಯಾದ ರಕ್ತನಾಳ, ಮಣಿಕಟ್ಟಿನ ಮೇಲೆ ಎದ್ದ ನೀರುಗಂಟು, ಬೆರಳ ಗಿಣ್ಣಿನಲ್ಲಿ ಬೆಳೆದ ಮೂಳೆ. ಮೊದಲ ನೋಟಕ್ಕೆ ನಾಲ್ಕೂ ಉಬ್ಬುಗಳೇ. ಆದರೆ ಮೊದಲನೆಯದಕ್ಕೆ ಏನೂ ಮಾಡಬೇಕಿಲ್ಲ, ಎರಡನೆಯದಕ್ಕೆ ಶಾಖ ಕೊಡಬೇಕು, ಮೂರನೆಯದಕ್ಕೆ ಕಾಯಬೇಕು, ನಾಲ್ಕನೆಯದು ತಿಕ್ಕಿದರೂ ಕಟ್ಟಿದರೂ ಕರಗುವಂಥದ್ದಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮಧ್ಯದಿಂದ ಶುರು ಮಾಡಬೇಡಿ.

ಹಂತ 1: ಮೊದಲು ಅಪಾಯದ ಲಕ್ಷಣ ಇದೆಯೇ ನೋಡಿ

ಈ ಹಂತಕ್ಕೆ ಎರಡು ನಿಮಿಷ ಸಾಕು. ಇಲ್ಲಿ ಹೇಳಿರುವ ಯಾವುದಾದರೂ ಒಂದು ಇದ್ದರೂ ಉಳಿದ ಪರೀಕ್ಷೆಗಳನ್ನು ಬಿಟ್ಟು ಆಸ್ಪತ್ರೆಗೆ ಹೊರಡಿ.

ಒಂದೇ ತೋಳು ಪೂರ್ತಿ ಊದಿಕೊಂಡಿದೆ, ಭಾರವಾಗಿದೆ, ಬಣ್ಣ ನೀಲಿಗೆ ತಿರುಗಿದೆ, ಭುಜ ಅಥವಾ ಎದೆಯ ಮೇಲೆ ಹಿಂದೆ ಇಲ್ಲದ ರಕ್ತನಾಳಗಳು ಎದ್ದು ಕಾಣುತ್ತಿವೆ ಎಂದರೆ ಒಳಗಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇದೆ. ತೋಳು ಎತ್ತಿ ಜಾಸ್ತಿ ಶ್ರಮದ ಕೆಲಸ ಅಥವಾ ವ್ಯಾಯಾಮ ಮಾಡುವ ಆರೋಗ್ಯವಂತ ಯುವಕರಲ್ಲೂ ಇದು ಆಗುತ್ತದೆ. ಕತ್ತಿನ ಬಳಿ ಕ್ಯಾತಿಟರ್ (ರಕ್ತನಾಳಕ್ಕೆ ಹಾಕುವ ಕೊಳವೆ) ಅಥವಾ ಪೇಸ್‌ಮೇಕರ್ ಹಾಕಿಸಿಕೊಂಡವರಲ್ಲೂ ಕಾಣಿಸುತ್ತದೆ. ಅದೇ ದಿನ ತೋರಿಸಬೇಕು. ಜೊತೆಗೆ ಉಸಿರಾಟ ಕಷ್ಟವಾದರೆ ಅಥವಾ ಎದೆ ನೋವು ಬಂದರೆ ಆಂಬುಲೆನ್ಸ್ ಕರೆಯಿರಿ.

ಎರಡೂ ಕೈಯ ರಕ್ತನಾಳಗಳು ಉಬ್ಬಿ, ಕತ್ತಿನವೂ ಉಬ್ಬಿ, ಮುಖ ಊದಿಕೊಂಡು, ಬಗ್ಗಿದಾಗ ಅದು ಹೆಚ್ಚಾಗುತ್ತಿದ್ದರೆ ತೊಂದರೆ ಕೈಯಲ್ಲಿಲ್ಲ. ಎದೆಯೊಳಗೆ ರಕ್ತ ಹೃದಯಕ್ಕೆ ಮರಳುವ ದಾರಿಗೆ ಎಲ್ಲೋ ಅಡ್ಡಿಯಾಗಿರಬಹುದು. ಇದೂ ತುರ್ತೇ.

ಒಂದು ಬೆರಳು ಬುಡದಿಂದ ತುದಿಯವರೆಗೆ ಸಮನಾಗಿ ಊದಿದೆ, ಸ್ವಲ್ಪ ಮಡಚಿಯೇ ನಿಂತಿದೆ, ಅಂಗೈ ಕಡೆಯಿಂದ ಮುಟ್ಟಿದರೆ ಉದ್ದಕ್ಕೂ ನೋವು, ಬೇರೆಯವರು ಅದನ್ನು ನೆಟ್ಟಗೆ ಮಾಡಲು ಹೋದರೆ ಜೀವ ಹೋದಂತಾಗುತ್ತದೆ. ಈ ನಾಲ್ಕು ಲಕ್ಷಣಗಳು ಸ್ನಾಯುರಜ್ಜುವಿನ (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿಯ) ಕವಚದಲ್ಲಿ ಕೀವು ತುಂಬಿದ್ದರ ಗುರುತು. ಬೆಳಗ್ಗೆ ನೋಡೋಣ ಎಂದು ಮಲಗಬೇಡಿ. ತಡವಾದಷ್ಟೂ ಆ ಬೆರಳು ಮತ್ತೆ ಸರಿಯಾಗಿ ಮಡಚುವ ಸಾಧ್ಯತೆ ಕಡಿಮೆಯಾಗುತ್ತದೆ.

ಗಾಯದಿಂದ ತೋಳಿನ ಮೇಲ್ಭಾಗಕ್ಕೆ ಕೆಂಪು ಗೆರೆ ಹತ್ತಿದ್ದರೆ, ಜ್ವರ ಚಳಿ ಇದ್ದರೆ, ಬೆರಳು ತಣ್ಣಗಾಗಿ ಬಿಳಿಚಿಕೊಂಡಿದ್ದರೆ ಆಗಲೂ ಇದೇ ಮಾತು.

ಇನ್ನೊಂದು ಸಣ್ಣ ಕೆಲಸ. ಕಾರಣ ಯಾವುದೇ ಇರಲಿ, ಕೈ ಊದಲು ಶುರುವಾದ ಕೂಡಲೇ ಉಂಗುರ, ಬಳೆ, ವಾಚು ತೆಗೆದುಬಿಡಿ. ತಡ ಮಾಡಿದರೆ ಉಂಗುರ ಗಿಣ್ಣು ದಾಟದೇ ಹೋಗಬಹುದು. ಸಿಕ್ಕಿಕೊಂಡರೆ ಕೈಯನ್ನು ಸ್ವಲ್ಪ ಹೊತ್ತು ತಲೆಗಿಂತ ಮೇಲೆ ಎತ್ತಿ ಹಿಡಿದು, ಸೋಪು ಹಚ್ಚಿ, ತಿರುಗಿಸುತ್ತಾ ಎಳೆಯಿರಿ. ಬೆರಳು ನೀಲಿಯಾಗಿದ್ದರೆ ಎಳೆದಾಡುತ್ತಾ ಕೂರಬೇಡಿ, ಉಂಗುರ ಕತ್ತರಿಸಿಸಿ.

ಹಂತ 2: ಬೇಕಾದದ್ದನ್ನು ಹತ್ತಿರ ಇಟ್ಟುಕೊಳ್ಳಿ

ಮಿಲಿಮೀಟರ್ ಗುರುತಿರುವ ಒಂದು ಸ್ಕೇಲು, ಮೊಬೈಲ್ ಕ್ಯಾಮೆರಾ, ಕಿರಿದಾದ ಬೆಳಕಿನ ಟಾರ್ಚ್, ಕತ್ತಲು ಮಾಡಬಹುದಾದ ಕೋಣೆ, ಒಂದು ಪೆನ್ನು. ಇಷ್ಟೇ. ಬಿಸಿನೀರು, ಎಣ್ಣೆ, ಬ್ಯಾಂಡೇಜು ಈಗ ಬೇಡ. ಅವು ಕೈಗೆ ಸಿಗುವಂತಿದ್ದರೆ ಪರೀಕ್ಷೆ ಅರ್ಧಕ್ಕೇ ನಿಲ್ಲುತ್ತದೆ.

ಸ್ಕೇಲನ್ನು ಉಬ್ಬಿನ ಪಕ್ಕದಲ್ಲಿಟ್ಟು ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆಯಿರಿ. ಪಕ್ಕದ ಫೋಟೋ ತೆಗೆಯುವವರು ಕಡಿಮೆ, ಆದರೆ ಎತ್ತರ ಕಾಣುವುದು ಅದರಲ್ಲೇ. ಆರೋಗ್ಯವಾಗಿರುವ ಇನ್ನೊಂದು ಕೈಯದೂ ಅದೇ ಕೋನದಲ್ಲಿ ಇರಲಿ. ಹೊಸದಾಗಿ ಎದ್ದಿದೆ ಎಂದುಕೊಂಡ ಮೂಳೆ ಇನ್ನೊಂದು ಕೈಯಲ್ಲೂ ಹಾಗೇ ಇರುವುದು ಎಷ್ಟೋ ಸಲ ಗೊತ್ತಾಗುವುದು ಈ ಫೋಟೋದಲ್ಲಿ.

ಹಂತ 3: ಕೈ ಎತ್ತಿ ನೋಡಿ

ಉಬ್ಬಿದ್ದು ರಕ್ತನಾಳವೋ ಗಂಟೋ ಎಂದು ಹೇಳಲು ಇದಕ್ಕಿಂತ ಸರಳ ಪರೀಕ್ಷೆ ಇಲ್ಲ. ಆದರೂ ಎಲ್ಲರೂ ಬಿಡುವುದು ಇದನ್ನೇ.

ಕೈಯನ್ನು ಒಂದು ನಿಮಿಷ ಕೆಳಗೆ ಜೋಲುಬಿಡಿ. ಹಿಂಗೈಯ ರಕ್ತನಾಳಗಳು ತುಂಬಿಕೊಳ್ಳುತ್ತವೆ. ಈಗ ಅದೇ ಕೈಯನ್ನು ತಲೆಗಿಂತ ಮೇಲೆ ಎತ್ತಿ, ಬೆರಳು ಸಡಿಲ ಬಿಟ್ಟು ಅರ್ಧ ನಿಮಿಷ ಹಿಡಿಯಿರಿ. ಹೃದಯಕ್ಕಿಂತ ಎತ್ತರಕ್ಕೆ ಹೋದ ಕೈಯಿಂದ ರಕ್ತ ತಾನಾಗಿ ಕೆಳಗೆ ಇಳಿಯುತ್ತದೆ, ಮಾಮೂಲಿ ರಕ್ತನಾಳ ಚಪ್ಪಟೆಯಾಗುತ್ತದೆ. ಕೆಳಗೆ ಬಿಟ್ಟರೆ ಮತ್ತೆ ತುಂಬುತ್ತದೆ. ಹೀಗಾದರೆ ಹಂತ 7ಕ್ಕೆ ಹೋಗಿ.

ಎತ್ತಿದರೂ ಆಕಾರ ಬದಲಾಗದಿದ್ದರೆ ಅದು ಗಂಟು, ಮೂಳೆ ಅಥವಾ ಒಳಗೆ ರಕ್ತ ಗಟ್ಟಿಯಾದ ರಕ್ತನಾಳ. ಮುಂದಿನ ಹಂತಕ್ಕೆ ಬನ್ನಿ.

ಮೂರನೆಯ ಬಗೆಯೂ ಉಂಟು. ಮೆತ್ತಗಿನ, ನೀಲಿ ಛಾಯೆಯ ಒಂದು ಉಬ್ಬು ಕೈ ಎತ್ತಿದಾಗ ಕುಗ್ಗುತ್ತದೆ, ಒತ್ತಿದರೆ ಪೂರ್ತಿ ಖಾಲಿಯಾಗುತ್ತದೆ, ಬಿಟ್ಟರೆ ನಿಧಾನಕ್ಕೆ ತುಂಬುತ್ತದೆ. ಇದು ರಕ್ತನಾಳವೇ ಒಂದೆಡೆ ಹಿಗ್ಗಿದ್ದು. ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ಸ್ಕ್ಯಾನ್ ಆಗುವವರೆಗೆ ಇದಕ್ಕೆ ಯಾರೂ ಸೂಜಿ ಹಾಕಬಾರದು.

ಇಲ್ಲಿ ಆಗುವ ತಪ್ಪು: ಮುಷ್ಟಿ ಬಿಗಿಹಿಡಿದು ಕೈ ಎತ್ತುವುದು. ಬಿಗಿ ಮುಷ್ಟಿಯಲ್ಲಿ ಸ್ನಾಯುರಜ್ಜುಗಳು ಎದ್ದು ನಿಂತು ರಕ್ತನಾಳದ ಹಾಗೇ ಕಾಣುತ್ತವೆ. ಅನುಮಾನ ಬಂದರೆ ಬೆರಳುಗಳನ್ನು ಒಂದೊಂದಾಗಿ ಆಡಿಸಿ. ಬೆರಳಿನ ಜೊತೆ ಗೆರೆಯೂ ಜಾರಿದರೆ ಅದು ರಜ್ಜು.

ಹಂತ 4: ಮುಟ್ಟಿ ನೋಡಿ, ಆದರೆ ಹಿಂಡಬೇಡಿ

ಒಂದೇ ಬೆರಳಿನ ತುದಿಯಿಂದ, ಹಗುರವಾಗಿ. ನಾಲ್ಕು ವಿಷಯ ಗಮನಿಸಿ.

ಗಟ್ಟಿತನ. ಮೂಳೆಯಷ್ಟು ಗಟ್ಟಿಯೋ, ರಬ್ಬರಿನಂತೆ ಒತ್ತಿ ಬರುವುದೋ, ಮೆತ್ತಗಿದೆಯೋ? ತುಂಬಿ ಬಿಗಿದ ಸಣ್ಣ ನೀರುಗಂಟು ಮೂಳೆಯಷ್ಟೇ ಗಟ್ಟಿ ಅನ್ನಿಸುತ್ತದೆ, ಹಾಗಾಗಿ ಇದೊಂದನ್ನೇ ನಂಬಬೇಡಿ.

ಚಲನೆ. ಉಬ್ಬಿನ ಮೇಲಿನ ಚರ್ಮವನ್ನು ಆಚೀಚೆ ಜಾರಿಸಿ. ಚರ್ಮದ ಜೊತೆಗೇ ಉಬ್ಬೂ ಬಂದರೆ ಅದು ಚರ್ಮದ್ದೇ ಗಂಟು. ಚರ್ಮ ಜಾರಿ ಉಬ್ಬು ಅಲ್ಲೇ ನಿಂತರೆ ಅದು ಕೆಳಗಿನ ಪದರದ್ದು. ಬೆರಳು ಮಡಚಿದಾಗ ಹಿಂದೆ ಮುಂದೆ ಓಡಿದರೆ ರಜ್ಜುವಿಗೆ ಅಂಟಿದ್ದು.

ಶಾಖ ಮತ್ತು ನೋವು. ಹಿಂಗೈಯಿಂದ ಮುಟ್ಟಿ ಸುತ್ತಲಿನ ಚರ್ಮಕ್ಕಿಂತ ಬೆಚ್ಚಗಿದೆಯೇ ನೋಡಿ. ಬೆಚ್ಚಗೆ, ಕೆಂಪಾಗಿ, ದಾರದಂತೆ ಉದ್ದಕ್ಕೆ ಗಟ್ಟಿಯಾಗಿದ್ದರೆ ಅದು ಉರಿಯೂತವಾದ ರಕ್ತನಾಳ, ಹಂತ 8 ನೋಡಿ.

ಮಿಡಿತ. ಬೆರಳಿಗೆ ನಾಡಿ ಬಡಿದಂತಾಗುತ್ತದೆಯೇ? ಬಡಿದರೆ ಅಲ್ಲಿಗೆ ನಿಲ್ಲಿಸಿ. ಅದು ಹಿಗ್ಗಿದ ಶುದ್ಧರಕ್ತನಾಳ ಇರಬಹುದು. ಮಣಿಕಟ್ಟಿನ ಮೂಲಕ ಆಂಜಿಯೋಗ್ರಾಂ ಮಾಡಿಸಿಕೊಂಡ ನಂತರ ಅಲ್ಲಿ ಮಿಡಿಯುವ ಉಬ್ಬು ಎದ್ದರೆ ಅವತ್ತೇ ತೋರಿಸಿ. ನಾಡಿಯ ಪಕ್ಕದಲ್ಲಿ ಕೂತ ನೀರುಗಂಟೂ ಮಿಡಿದಂತೆ ಅನ್ನಿಸುವುದುಂಟು, ಆದರೆ ಎರಡರ ವ್ಯತ್ಯಾಸ ಬೆರಳಿನಿಂದ ತಿಳಿಯುವಂಥದ್ದಲ್ಲ, ಸ್ಕ್ಯಾನೇ ಬೇಕು.

ಹಂತ 5: ಕತ್ತಲಲ್ಲಿ ಬೆಳಕು ಹಾಯಿಸಿ

ಕೋಣೆ ಪೂರ್ತಿ ಕತ್ತಲು ಮಾಡಿ. ಟಾರ್ಚನ್ನು ಉಬ್ಬಿನ ಮೇಲಿಂದ ಹಿಡಿಯಬೇಡಿ, ಪಕ್ಕಕ್ಕೆ ತಾಗಿಸಿ ಹಿಡಿಯಿರಿ. ಮೊಬೈಲ್ ಫ್ಲ್ಯಾಶ್ ಆದರೆ ಅದರ ಸುತ್ತ ಬೆರಳು ಅಡ್ಡ ಹಿಡಿದು ಬೆಳಕು ಚೆಲ್ಲದಂತೆ ಮಾಡಿ. ಒಳಗೆ ತಿಳಿಯಾದ ದ್ರವ ಇದ್ದರೆ ಇಡೀ ಉಬ್ಬು ಒಳಗಿನಿಂದ ಗುಲಾಬಿ ಕೆಂಪಾಗಿ ಹೊಳೆಯುತ್ತದೆ. ಒಳಗೆ ಮಾಂಸವೋ ಮೂಳೆಯೋ ಇದ್ದರೆ ಕಪ್ಪು ನೆರಳಾಗಿ ಉಳಿಯುತ್ತದೆ.

ಹೊಳೆದರೆ ಅದು ನೀರುಗಂಟು ಇರುವ ಸಾಧ್ಯತೆ ಜಾಸ್ತಿ. ಹೊಳೆಯದಿದ್ದರೆ? ಹೆದರಿಕೊಳ್ಳಬೇಕಿಲ್ಲ. ಅಂಗೈಯ ಚರ್ಮ ದಪ್ಪ, ಅಲ್ಲಿನ ಸಣ್ಣ ಗಂಟಿಗೆ ಬೆಳಕು ತಲುಪುವುದೇ ಇಲ್ಲ. ಕೊಬ್ಬಿನ ಗಂಟು ಕೆಲವು ಸಲ ಅರೆಬರೆ ಹೊಳೆದು ಮೋಸ ಮಾಡುತ್ತದೆ. ಇದು ಸುಳಿವು ಮಾತ್ರ, ತೀರ್ಪಲ್ಲ.

ಹಂತ 6: ಎಲ್ಲಿ ಎದ್ದಿದೆ ಎನ್ನುವುದರ ಮೇಲೆ ಊಹಿಸಿ

ಕೈಯಲ್ಲಿ ಗಂಟು ಎಲ್ಲಿದೆ ಎನ್ನುವುದೇ ಅರ್ಧ ಉತ್ತರ. ಎರಡು ಸೆಂಟಿಮೀಟರ್ ಆಚೀಚೆ ಆದರೂ ಕಾರಣ ಬದಲಾಗುತ್ತದೆ. ಪೆನ್ನಿನಿಂದ ಅದರ ಸುತ್ತ ಗುರುತು ಹಾಕಿಕೊಂಡು ಓದಿ.

ಮಣಿಕಟ್ಟಿನ ಹಿಂಭಾಗದ ನಡುವೆ: ಗ್ಯಾಂಗ್ಲಿಯನ್, ಅಂದರೆ ಇಷ್ಟು ಹೊತ್ತು ನೀರುಗಂಟು ಎಂದು ಹೇಳಿದ್ದು ಇದನ್ನೇ. ಕೈಯಲ್ಲಿ ಏಳುವ ಗಂಟುಗಳಲ್ಲಿ ತೀರಾ ಸಾಮಾನ್ಯವಾದದ್ದು ಇದೇ, ಹೆಚ್ಚಿನವು ಏಳುವುದೂ ಈ ಜಾಗದಲ್ಲೇ. 20ರಿಂದ 40 ವರ್ಷದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಮಣಿಕಟ್ಟು ಮಡಚಿದಾಗ ಎದ್ದು ಕಾಣುತ್ತದೆ, ದಿನದಿಂದ ದಿನಕ್ಕೆ ಗಾತ್ರ ಬದಲಾಗುತ್ತದೆ. ಒಮ್ಮೆ ದೊಡ್ಡದು, ಒಮ್ಮೆ ಸಣ್ಣದು ಎಂದು ಯಾರಾದರೂ ಹೇಳಿದರೆ ಅರ್ಧ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಮಣಿಕಟ್ಟಿನ ಮುಂಭಾಗ, ಹೆಬ್ಬೆರಳ ಕಡೆ: ಇದೂ ಗ್ಯಾಂಗ್ಲಿಯನ್ನೇ ಇರಬಹುದು. ಆದರೆ ವೈದ್ಯರು ನಾಡಿ ಹಿಡಿಯುವ ಶುದ್ಧರಕ್ತನಾಳ ಇದಕ್ಕೆ ತಾಗಿಕೊಂಡೇ ಹೋಗುತ್ತದೆ. ಇಲ್ಲಿ ಮನೆಮದ್ದಿನ ಸಾಹಸ ಬೇಡವೇ ಬೇಡ.

ಹಿಂಗೈಯ ಮೇಲೆ, ತೋರುಬೆರಳು ಮತ್ತು ನಡುಬೆರಳಿನ ಮೂಳೆಗಳು ಮಣಿಕಟ್ಟಿಗೆ ಸೇರುವಲ್ಲಿ: ಕಲ್ಲಿನಷ್ಟು ಗಟ್ಟಿ, ಒಂದಿಷ್ಟೂ ಅಲುಗುವುದಿಲ್ಲ. ಇದು ಮೂಳೆಯದೇ ಉಬ್ಬು, ಇದಕ್ಕೆ ಕಾರ್ಪಲ್ ಬಾಸ್ ಎನ್ನುತ್ತಾರೆ. ನೀರುಗಂಟು ಎಂದುಕೊಂಡು ತಿಕ್ಕಿ ತಿಕ್ಕಿ ಚರ್ಮ ಕಪ್ಪು ಮಾಡಿಕೊಳ್ಳುವವರು ಸಾಮಾನ್ಯವಾಗಿ ಇದೇ ಉಬ್ಬಿನವರು. ನೋವಿಲ್ಲದಿದ್ದರೆ ಬಿಟ್ಟುಬಿಡಿ.

ಅಂಗೈಯಲ್ಲಿ, ಬೆರಳ ಬುಡದಲ್ಲಿ: ಇಲ್ಲಿ ಮೂರು ಸಾಧ್ಯತೆ. ಬೆಳಗ್ಗೆ ಬೆರಳು ಮಡಚಿ ಬಿಡಿಸುವಾಗ ಟಕ್ ಎಂದು ಸಿಕ್ಕಿ ಬಿಟ್ಟರೆ ಟ್ರಿಗರ್ ಫಿಂಗರ್. ಕೆಲವೇ ಮಿಲಿಮೀಟರಿನ ಗಟ್ಟಿ ಕಾಳಿನಂಥದ್ದು, ಹಿಡಿಕೆ ಹಿಡಿದಾಗ ಮಾತ್ರ ನೋಯುತ್ತದೆ ಎಂದರೆ ರಜ್ಜುವಿನ ಕವಚದ ನೀರುಗಂಟು. ನೋವೇ ಇಲ್ಲದೆ ಅಂಗೈ ಚರ್ಮ ಒಳಕ್ಕೆ ಎಳೆದಂತಾಗಿ, ಗಂಟಿನಿಂದ ಉಂಗುರ ಬೆರಳು ಅಥವಾ ಕಿರುಬೆರಳ ಕಡೆ ಹುರಿಯಂಥ ಗೆರೆ ಹೊರಟಿದ್ದರೆ ಡ್ಯುಪಿಟ್ರೆನ್, ಅಂದರೆ ಅಂಗೈ ಚರ್ಮದಡಿಯ ಪದರ ದಪ್ಪವಾಗಿ ಬೆರಳನ್ನು ಒಳಕ್ಕೆ ಎಳೆಯುವ ತೊಂದರೆ. ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಅಂಗೈಯನ್ನು ಮೇಜಿನ ಮೇಲೆ ಬೋರಲಾಗಿ ಇಡಿ. ಅಂಗೈ ಮತ್ತು ಬೆರಳು ಸಮನಾಗಿ ಕೂತರೆ ಅವಸರವಿಲ್ಲ. ಕೂರದೆ ಮಧ್ಯೆ ಸಂದು ಉಳಿದರೆ ಕೈ ಶಸ್ತ್ರಚಿಕಿತ್ಸಕರನ್ನು ಕಾಣುವ ಸಮಯ ಬಂದಿದೆ. ತಿಕ್ಕಿ ಅದನ್ನು ನೆಟ್ಟಗೆ ಮಾಡಲು ಆಗುವುದಿಲ್ಲ.

ಬೆರಳ ತುದಿಯ ಗಿಣ್ಣಿನಲ್ಲಿ: ಮೂಳೆಯಂತೆ ಗಟ್ಟಿ ಇದ್ದರೆ ಸವೆತದ ಸಂಧಿವಾತ. ನಡುಗಿಣ್ಣಿನಲ್ಲೂ ಹೀಗೇ ಆಗುತ್ತದೆ. ಉಗುರಿನ ಬುಡದ ಹತ್ತಿರ ಹೊಳೆಯುವ, ತೆಳು ಚರ್ಮದ ಗುಳ್ಳೆ ಇದ್ದು ಉಗುರಿನ ಮೇಲೆ ಉದ್ದಕ್ಕೂ ತಗ್ಗು ಬಿದ್ದಿದ್ದರೆ ಅದು ಮ್ಯೂಕಸ್ ಸಿಸ್ಟ್. ನೋಡಲು ಗುಳ್ಳೆಯಂತಿರುವುದರಿಂದ ಚುಚ್ಚೋಣ ಅನ್ನಿಸುತ್ತದೆ. ಚುಚ್ಚಬೇಡಿ. ಅದರ ಬೇರು ಕೀಲಿನೊಳಗಿದೆ, ಸೋಂಕು ನೇರ ಕೀಲಿಗೇ ಇಳಿಯುತ್ತದೆ.

ನಡುಗಿಣ್ಣುಗಳು ಮೆತ್ತಗೆ ಊದಿ, ಬೆಳಗ್ಗೆ ಅರ್ಧ ಮುಕ್ಕಾಲು ತಾಸು ಮುಷ್ಟಿ ಕಟ್ಟಲಾಗದಷ್ಟು ಬಿಗಿ ಇದ್ದು, ಎರಡೂ ಕೈಯಲ್ಲಿ ಹಾಗೇ ಇದ್ದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು. ರಕ್ತಪರೀಕ್ಷೆ ಬೇಗ ಆಗಬೇಕು. ಇದಕ್ಕೆ ಮೊದಲ ತಿಂಗಳುಗಳಲ್ಲೇ ಔಷಧಿ ಶುರುವಾದರೆ ಕೀಲು ಉಳಿಯುತ್ತದೆ.

ಬೆರಳ ಪಕ್ಕದಲ್ಲಿ, ನಿಧಾನಕ್ಕೆ ವರ್ಷಗಟ್ಟಲೆ ಬೆಳೆಯುವ, ಬೆಳಕು ಹಾಯದ ಗಟ್ಟಿ ಗಂಟು: ರಜ್ಜುಕವಚದ ಜೈಂಟ್ ಸೆಲ್ ಗಡ್ಡೆ. ಕ್ಯಾನ್ಸರ್ ಅಲ್ಲ, ಆದರೆ ತಾನಾಗಿ ಹೋಗುವುದೂ ಇಲ್ಲ.

ಉಗುರಿನ ಕೆಳಗೆ ನೀಲಿ ಅಥವಾ ಕೆಂಪು ಚುಕ್ಕೆ, ತಣ್ಣೀರು ತಾಗಿದರೆ ಸಿಡಿಯುವ ನೋವು, ಪೆನ್ನಿನ ತುದಿಯಷ್ಟು ಜಾಗ ಮುಟ್ಟಿದರೆ ಪ್ರಾಣ ಹೋಗುವಂಥ ನೋವು: ಗ್ಲೋಮಸ್ ಗಡ್ಡೆ. ಹೊರಗೆ ಹೆಚ್ಚೇನೂ ಕಾಣದ ಕಾರಣ ಎಷ್ಟೋ ಜನ ವರ್ಷಗಟ್ಟಲೆ ಇದನ್ನು ಸಹಿಸಿಕೊಂಡಿರುತ್ತಾರೆ. ತೆಗೆಸಿದರೆ ನೋವು ಹೋಗುತ್ತದೆ.

ಹಿಂದೆ ಗಾಯವಾದ ಜಾಗದಲ್ಲಿ ಎದ್ದದ್ದು ಚರ್ಮದ ಚೂರು ಒಳಗೆ ಸೇರಿ ಬೆಳೆದ ಸಿಸ್ಟ್ ಅಥವಾ ಮುಳ್ಳು, ಗಾಜು ಉಳಿದ ಗಂಟು. ಬಿಳಿ ಸುಣ್ಣದಂತೆ ಚರ್ಮದೊಳಗೆ ಕಾಣುವುದು ಗೌಟ್‌ನ ಗಂಟು, ಯೂರಿಕ್ ಆಸಿಡ್ ಪರೀಕ್ಷೆ ಮಾಡಿಸಿ. ಹಿಂಗೈಯ ರಜ್ಜುಗಳ ಮೇಲೆ ಗಟ್ಟಿ ದಪ್ಪ ಗಂಟುಗಳಿದ್ದರೆ ಕೊಲೆಸ್ಟ್ರಾಲ್ ನೋಡಿಸಿ.

ಹಂತ 7: ಉಬ್ಬಿದ್ದು ಮಾಮೂಲಿ ರಕ್ತನಾಳವಾದರೆ

ಮೊದಲು ಯಾಕೆ ಉಬ್ಬಿತು ಎಂದು ನೋಡಿ. ಬಿಸಿ ವಾತಾವರಣದಲ್ಲಿ ದೇಹ ತಣ್ಣಗಾಗಲು ರಕ್ತವನ್ನು ಚರ್ಮದ ಕಡೆ ಕಳಿಸುತ್ತದೆ. ವ್ಯಾಯಾಮ ಮಾಡುವಾಗ ಬಿಗಿದ ಸ್ನಾಯುಗಳು ರಕ್ತನಾಳಗಳನ್ನು ಮೇಲಕ್ಕೆ ತಳ್ಳುತ್ತವೆ. ಕೊಬ್ಬು ಕಡಿಮೆ ಇರುವ ಮೈಯಲ್ಲಿ ಮುಚ್ಚಿಕೊಳ್ಳಲು ಪದರವೇ ಇರುವುದಿಲ್ಲ. ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಹಿಂಗೈಯ ಕೊಬ್ಬು ಕರಗುತ್ತದೆ. ಗರ್ಭಿಣಿಯರಲ್ಲಿ ರಕ್ತದ ಪ್ರಮಾಣವೇ ಹೆಚ್ಚಾಗುತ್ತದೆ. ಇವೆಲ್ಲವೂ ಸಹಜ. ಇದಕ್ಕೆ ನರರೋಗ ತಜ್ಞರ ಹತ್ತಿರ ಹೋಗುವ ಅಗತ್ಯವಿಲ್ಲ.

ಕಾಲಿನಲ್ಲಿ ಆಗುವ ವೆರಿಕೋಸ್ ತೊಂದರೆಯನ್ನು ಕೈಗೂ ಹೊಂದಿಸಿ ಭಯಪಡುವವರು ತುಂಬಾ. ಕಾಲಿನ ರಕ್ತ ದಿನವಿಡೀ ಕೆಳಗಿನಿಂದ ಮೇಲಕ್ಕೆ ಏರಬೇಕು, ಅಲ್ಲಿನ ಕವಾಟ ಕೆಟ್ಟರೆ ರಕ್ತ ನಿಲ್ಲುತ್ತದೆ. ಕೈ ದಿನಕ್ಕೆ ನೂರು ಸಲ ಮೇಲೆ ಕೆಳಗೆ ಆಗುತ್ತದೆ. ಕೈಯಲ್ಲಿ ನಿಜವಾದ ವೆರಿಕೋಸ್ ಅಪರೂಪ.

ಹಾಗಾದರೆ ಏನು ಮಾಡಬಹುದು? ಕೈ ಭಾರ ಅನ್ನಿಸಿದಾಗ ಹೃದಯಕ್ಕಿಂತ ಎತ್ತರದಲ್ಲಿ ದಿಂಬಿನ ಮೇಲೆ ಇಟ್ಟು ಮುಷ್ಟಿ ಕಟ್ಟಿ ಬಿಡಿಸುತ್ತಿರಿ. ಬಿಸಿಯಿಂದ ಉಬ್ಬಿದ್ದರೆ ಸ್ವಲ್ಪ ಹೊತ್ತು ತಣ್ಣೀರಲ್ಲಿ ಇಡಿ. ಚರ್ಮ ತೆಳುವಾಗಿದ್ದರೆ ಕೈ ತೊಳೆದಾಗಲೆಲ್ಲ ಮಾಯಿಶ್ಚರೈಸರ್, ಬಿಸಿಲಿಗೆ ಹೋಗುವಾಗ ಹಿಂಗೈಗೂ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್. ಮುಖಕ್ಕೆ ಹಚ್ಚಿ ಕೈ ಮರೆಯುವುದು ಎಲ್ಲರ ಅಭ್ಯಾಸ. ಇದರಿಂದ ಇರುವ ರಕ್ತನಾಳ ಮಾಯವಾಗುವುದಿಲ್ಲ, ಚರ್ಮ ಮುಂದೆ ಇನ್ನೂ ತೆಳುವಾಗುವುದು ನಿಧಾನವಾಗುತ್ತದೆ ಅಷ್ಟೇ.

ಬಿಗಿಯಾದ ಗ್ಲೌಸು, ಎಲಾಸ್ಟಿಕ್ ಪಟ್ಟಿ ಬೇಡ. ಮಣಿಕಟ್ಟಿನಲ್ಲಿ ಬಿಗಿದರೆ ಅದರಿಂದಾಚೆ ರಕ್ತ ಇನ್ನಷ್ಟು ನಿಲ್ಲುತ್ತದೆ. ಚೆಂದಕ್ಕಾಗಿ ರಕ್ತನಾಳ ಮುಚ್ಚಿಸುವ ಇಂಜೆಕ್ಷನ್, ಲೇಸರ್ ಚಿಕಿತ್ಸೆಗಳಿವೆ. ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಮುಂದೆ ಎಂದಾದರೂ ಆಸ್ಪತ್ರೆ ಸೇರಿದರೆ ಸಲೈನ್ ಹಾಕಲು ನರ್ಸ್ ಮೊದಲು ಹುಡುಕುವುದು ಇದೇ ರಕ್ತನಾಳಗಳನ್ನು.

ಡಯಾಲಿಸಿಸ್‌ಗಾಗಿ ತೋಳಿನಲ್ಲಿ ಫಿಸ್ಚುಲಾ (ಶುದ್ಧರಕ್ತನಾಳಕ್ಕೆ ಇನ್ನೊಂದು ರಕ್ತನಾಳದ ಜೋಡಣೆ) ಮಾಡಿಸಿಕೊಂಡವರ ಲೆಕ್ಕವೇ ಬೇರೆ. ಅಲ್ಲಿ ರಕ್ತನಾಳ ಉಬ್ಬುವುದೇ ಉದ್ದೇಶ. ಆ ಕೈಯಲ್ಲಿ ಬಿಪಿ ನೋಡಬಾರದು, ಬೇರೆ ಕೆಲಸಕ್ಕೆ ಸೂಜಿ ಹಾಕಬಾರದು, ಅದರ ಮೇಲೆ ಮಲಗಬಾರದು. ದಿನವೂ ಮುಟ್ಟಿದಾಗ ಕಂಪನ ಸಿಗಬೇಕು. ಕಂಪನ ನಿಂತರೆ ಆ ಕ್ಷಣವೇ ಡಯಾಲಿಸಿಸ್ ಘಟಕಕ್ಕೆ ಫೋನ್ ಮಾಡಿ.

ಹಂತ 8: ಸಲೈನ್ ನಂತರ ಗಟ್ಟಿಯಾದ ರಕ್ತನಾಳವಾದರೆ

ಆಸ್ಪತ್ರೆಯಿಂದ ಬಂದು ಕೆಲವು ದಿನಕ್ಕೆ ಸೂಜಿ ಚುಚ್ಚಿದ್ದ ಜಾಗದಿಂದ ಮೇಲಕ್ಕೆ ಗಟ್ಟಿ ದಾರದಂತೆ ಎದ್ದು ನೋಯುತ್ತದೆ. ಕ್ಯಾನುಲಾ (ಸಲೈನ್‌ಗಾಗಿ ರಕ್ತನಾಳದಲ್ಲಿ ಬಿಡುವ ಸಣ್ಣ ಕೊಳವೆ) ಅಥವಾ ಔಷಧಿ ರಕ್ತನಾಳದ ಒಳಗೋಡೆಯನ್ನು ಕೆರಳಿಸಿ, ಅಲ್ಲಿ ಸಣ್ಣಗೆ ರಕ್ತ ಹೆಪ್ಪುಗಟ್ಟಿರುತ್ತದೆ. ಇದನ್ನು ಥ್ರಾಂಬೋಫ್ಲೆಬೈಟಿಸ್ ಎನ್ನುತ್ತಾರೆ. ಕೈಯ ಮೇಲ್ಪದರದಲ್ಲಿ ಆದರೆ ಸಾಮಾನ್ಯವಾಗಿ ತಾನಾಗಿ ಸರಿಹೋಗುತ್ತದೆ.

ಕ್ರಮ ಹೀಗೆ. ಕ್ಯಾನುಲಾ ಇನ್ನೂ ಕೈಯಲ್ಲೇ ಇದ್ದರೆ ಮೊದಲು ತೆಗೆಸಿ, ಹೊಸದನ್ನು ಇನ್ನೊಂದು ಕೈಗೆ ಹಾಕಿಸಿ. ‘ಇನ್ನೊಂದು ಬಾಟಲಿ ಅಷ್ಟೇ, ತಡೆದುಕೊಳ್ಳಿ’ ಎಂದರೂ ನೋವನ್ನು ಹೇಳಿ. ಆಮೇಲೆ ಒದ್ದೆ ಬಟ್ಟೆಯ ಬಿಸಿ ಶಾಖ, ಒಂದು ಸಲಕ್ಕೆ 15ರಿಂದ 20 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಬಿಸಿಯನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡಿ ಇಡಿ, ಸಕ್ಕರೆ ಕಾಯಿಲೆಯವರು ವಿಶೇಷವಾಗಿ, ಏಕೆಂದರೆ ಸುಟ್ಟದ್ದು ಗೊತ್ತಾಗದೆ ಹೋಗಬಹುದು. ಉಳಿದ ಹೊತ್ತು ಕೈ ಎತ್ತರದಲ್ಲಿರಲಿ, ಬೆರಳು ಆಡಿಸುತ್ತಿರಿ. ಡೈಕ್ಲೋಫಿನಾಕ್ ಜೆಲ್ ತೆಳುವಾಗಿ ಸವರಬಹುದು. ನೋವಿನ ಮಾತ್ರೆ ಬೇಕಾದರೆ, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಗರ್ಭ ಅಥವಾ ರಕ್ತ ತೆಳು ಮಾಡುವ ಔಷಧಿ ಇದ್ದವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ಮಾಡಬಾರದ ಒಂದೇ ಕೆಲಸ ಮಸಾಜ್. ಹೆಪ್ಪುಗಟ್ಟಿದ ರಕ್ತನಾಳವನ್ನು ತಿಕ್ಕಿ ಬಿಡಿಸಲು ಹೋಗಬಾರದು.

ಕೆಂಪು ಮತ್ತು ನೋವು ಒಂದೆರಡು ವಾರದಲ್ಲಿ ಇಳಿಯಬೇಕು. ಗಟ್ಟಿತನ ಮಾತ್ರ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ನೋವಿಲ್ಲದೆ ಗಟ್ಟಿ ಉಳಿದರೆ ಚಿಂತೆ ಬೇಡ. ಕೀವು, ಜ್ವರ, ಮೇಲಕ್ಕೆ ಹತ್ತುತ್ತಿರುವ ಕೆಂಪು, ಹೆಚ್ಚುತ್ತಿರುವ ನೋವು ಇದ್ದರೆ ತೋರಿಸಿ.

ಸೂಜಿಯೇ ಚುಚ್ಚಿಸಿಕೊಳ್ಳದೆ ಹೀಗಾದರೆ, ಅಥವಾ ಇವತ್ತು ಇಲ್ಲಿ, ಮುಂದಿನ ತಿಂಗಳು ಇನ್ನೊಂದೆಡೆ ಎಂದು ಜಾಗ ಬದಲಿಸುತ್ತಾ ಬಂದರೆ ಅದಕ್ಕೆ ಕಾರಣ ಹುಡುಕಲೇಬೇಕು. ತಂಬಾಕು ಸೇವಿಸುವವರಲ್ಲಿ ಜೊತೆಗೆ ಬೆರಳ ತುದಿ ಬಣ್ಣ ಬದಲಿಸಿ ನೋಯುತ್ತಿದ್ದರೆ ಕೈಕಾಲಿನ ಸಣ್ಣ ರಕ್ತನಾಳಗಳು ಮುಚ್ಚಿಹೋಗುವ ಬರ್ಗರ್ ಕಾಯಿಲೆಯ ಅನುಮಾನ ಬರುತ್ತದೆ. ಅಲ್ಲಿ ತಂಬಾಕು ಪೂರ್ತಿ ಬಿಡುವುದೇ ಮುಖ್ಯ ಚಿಕಿತ್ಸೆ, ಕಡಿಮೆ ಮಾಡುವುದು ಸಾಲದು.

ರಕ್ತ ಕೊಟ್ಟ ಜಾಗ ನೀಲಿಗಟ್ಟಿ ಊದುವುದು ಬೇರೆ. ಅದು ಚರ್ಮದಡಿ ಸೋರಿದ ರಕ್ತ. ಸೂಜಿ ತೆಗೆದ ಕೂಡಲೇ ಹತ್ತಿಯಿಂದ ಐದು ನಿಮಿಷ ಅಲುಗದೆ ಒತ್ತಿದರೆ ಬಹುಪಾಲು ಆಗುವುದಿಲ್ಲ. ಮೊಣಕೈ ಮಡಚಿ ಕೂರುವುದು, ಹತ್ತಿ ತಿಕ್ಕುವುದು ಎರಡೂ ತಪ್ಪು. ಆಗಿಬಿಟ್ಟರೆ ಮೊದಲ ದಿನ ತಣ್ಣನೆಯ ಪಟ್ಟಿ, ಆಮೇಲೆ ಬೆಚ್ಚಗಿನದು.

ಹಂತ 9: ನೀರುಗಂಟಾದರೆ

ಕೀಲಿನ ಅಥವಾ ರಜ್ಜುವಿನ ಕವಚದಿಂದ ಸಣ್ಣ ಕಾಂಡದಂತೆ ಹೊರಟು, ತುದಿಯಲ್ಲಿ ಚೀಲವಾಗಿ ನಿಂತದ್ದು ಗ್ಯಾಂಗ್ಲಿಯನ್. ಒಳಗಿರುವುದು ನೀರಲ್ಲ, ಅಂಟಂಟಾದ ತಿಳಿ ಲೋಳೆ. ಇದು ಕ್ಯಾನ್ಸರ್ ಆಗುವುದಿಲ್ಲ.

ಇದಕ್ಕೆ ಮೊದಲ ಚಿಕಿತ್ಸೆ ಕಾಯುವುದು. ಕೇಳಲು ಬೇಜಾರಾಗುತ್ತದೆ, ಅಲ್ವಾ? ಆದರೆ ಸುಮಾರು ಅರ್ಧದಷ್ಟು ಗಂಟುಗಳು ಏನೂ ಮಾಡದೆಯೇ ಕರಗುತ್ತವೆ. ಕೆಲವಕ್ಕೆ ತಿಂಗಳು, ಕೆಲವಕ್ಕೆ ವರ್ಷ. ನೋವಿಲ್ಲ, ಜೋಮಿಲ್ಲ, ಹಿಡಿತ ಚೆನ್ನಾಗಿದೆ ಎಂದರೆ ತಿಂಗಳಿಗೊಮ್ಮೆ ಸ್ಕೇಲಿಟ್ಟು ಫೋಟೋ ತೆಗೆಯುತ್ತಾ ಇರಿ. ದಿನಾ ಅಳೆಯಬೇಡಿ, ದಿನದ ಏರಿಳಿತ ನೋಡಿದರೆ ತಲೆ ಕೆಡುತ್ತದೆ.

ನೋವಿದ್ದರೆ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಭಾರ ಹಾಕುವ ಕೆಲಸ ಕಡಿಮೆ ಮಾಡಿ. ನೆಲಕ್ಕೆ ಅಂಗೈ ಊರಿ ಏಳುವುದು, ಪುಷ್‌ಅಪ್, ಒದ್ದೆ ಬಟ್ಟೆ ಹಿಂಡುವುದು ಈ ಪಟ್ಟಿಯಲ್ಲಿ ಬರುತ್ತವೆ. ಪುಷ್‌ಅಪ್ ಬಿಡಲಾಗದಿದ್ದರೆ ಮುಷ್ಟಿ ಅಥವಾ ಹಿಡಿಕೆ ಬಳಸಿ, ಮಣಿಕಟ್ಟು ನೇರ ಉಳಿಯುತ್ತದೆ. ಜಾಸ್ತಿ ಕೆಲಸದ ದಿನಗಳಲ್ಲಿ ಸ್ಪ್ಲಿಂಟ್ (ಮಣಿಕಟ್ಟು ಅಲುಗದಂತೆ ಹಿಡಿಯುವ ಪಟ್ಟಿ) ಹಾಕಬಹುದು. ತಿಂಗಳುಗಟ್ಟಲೆ ಹಗಲೂ ರಾತ್ರಿ ಹಾಕಿದರೆ ಮಣಿಕಟ್ಟು ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ.

ದಪ್ಪ ಪುಸ್ತಕದಿಂದ ಬಡಿದು ಒಡೆಯುವ ಹಳೆಯ ಉಪಾಯ ಈಗಲೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಗಂಟು ಅವತ್ತಿಗೆ ಚಪ್ಪಟೆ ಆಗಬಹುದು, ಕಾಂಡ ಹಾಗೇ ಇರುವುದರಿಂದ ಮತ್ತೆ ತುಂಬುತ್ತದೆ. ಜೊತೆಗೆ ಅದರಡಿಯ ಸಣ್ಣ ಮೂಳೆಗಳು ಬಿರುಕು ಬಿಡಬಹುದು. ಮನೆಯ ಸೂಜಿಯಿಂದ ಚುಚ್ಚಿದರೆ ಆ ಲೋಳೆ ಸಲೀಸಾಗಿ ಹೊರಬರುವುದೂ ಇಲ್ಲ, ಬರುವುದು ಸೋಂಕು.

ಹಂತ 10: ವೈದ್ಯರ ಬಳಿ ಹೋಗುವಾಗ

ಅವಸರವಿಲ್ಲದಿದ್ದರೂ ಹೋಗಲೇಬೇಕಾದ ಸಂದರ್ಭಗಳಿವೆ. ಗಂಟು ಒಂದೇ ಸಮನೆ ಬೆಳೆಯುತ್ತಿದೆ, 5 ಸೆಂಟಿಮೀಟರ್ ದಾಟಿದೆ, ಆಳದಲ್ಲಿ ಅಂಟಿಕೊಂಡು ಅಲುಗುತ್ತಿಲ್ಲ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ, ಮೇಲೆ ಹುಣ್ಣಾಗಿ ಮಾಯುತ್ತಿಲ್ಲ ಅಥವಾ ರಕ್ತ ಬರುತ್ತದೆ, ಕಪ್ಪು ಬಣ್ಣ ಹರಡುತ್ತಿದೆ, ಬೆರಳು ಜೋಮು ಹಿಡಿದಿದೆ, ವಸ್ತು ಕೈಯಿಂದ ಜಾರುತ್ತಿದೆ. ಒಮ್ಮೆ ತೆಗೆಸಿದ್ದ ಗಂಟು ಮತ್ತೆ ಬಂದರೂ ತೋರಿಸಿ.

ಯಾರ ಬಳಿ? ಮೂಳೆ, ಕೀಲು, ನೀರುಗಂಟಿಗೆ ಮೂಳೆ ತಜ್ಞರು, ಸಿಕ್ಕರೆ ಕೈ ಶಸ್ತ್ರಚಿಕಿತ್ಸಕರು. ಮಿಡಿಯುವ ಉಬ್ಬು, ಹೆಪ್ಪುಗಟ್ಟಿದ ರಕ್ತನಾಳಕ್ಕೆ ವ್ಯಾಸ್ಕ್ಯುಲರ್ ಸರ್ಜನ್. ಬೆಳಗಿನ ಬಿಗಿತಕ್ಕೆ ರುಮಟಾಲಜಿಸ್ಟ್. ಗೊಂದಲ ಇದ್ದರೆ ಮೊದಲು ನಿಮ್ಮ ಮಾಮೂಲಿ ವೈದ್ಯರೇ ಸಾಕು.

ಫೋಟೋಗಳು, ಯಾವಾಗಿನಿಂದ ಇದೆ, ಗಾತ್ರ ಏರಿಳಿಯುತ್ತದೆಯೇ, ಗಾಯ ಅಥವಾ ಸೂಜಿ ಆಗಿತ್ತೇ, ಯಾವ ಮಾತ್ರೆ ನುಂಗುತ್ತೀರಿ ಎನ್ನುವುದನ್ನು ಬರೆದುಕೊಂಡು ಹೋಗಿ. ಎಣ್ಣೆ ಮುಲಾಮು ಹಚ್ಚಿಕೊಂಡು ಹೋಗಬೇಡಿ. ಪೆನ್ನಿನ ಗುರುತು ಮಾತ್ರ ಅಳಿಸಬೇಡಿ, ಕೈ ಬಿಚ್ಚಿದಾಗಲೇ ಕಾಣದಂತಾಗುವ ಗಂಟುಗಳಿರುತ್ತವೆ.

ಮೆತ್ತಗಿನ ಗಂಟಿಗೆ ಮೊದಲ ಪರೀಕ್ಷೆ ಅಲ್ಟ್ರಾಸೌಂಡ್, ಮೂಳೆಯಂಥದ್ದಕ್ಕೆ ಎಕ್ಸ್‌ರೇ. ಎಂಆರ್‌ಐ ಎಲ್ಲರಿಗೂ ಬೇಕಾಗುವುದಿಲ್ಲ. ಮಣಿಕಟ್ಟಿನ ಮುಂಭಾಗದ ಗಂಟಿಗೆ ಸೂಜಿ ಹಾಕುವ ಮಾತು ಬಂದರೆ ‘ನಾಡಿಯ ರಕ್ತನಾಳ ಎಲ್ಲಿದೆ ಎಂದು ಸ್ಕ್ಯಾನಿನಲ್ಲಿ ನೋಡಿದ್ದೀರಾ?’ ಎಂದು ಕೇಳಲು ಸಂಕೋಚ ಬೇಡ. ಟ್ರಿಗರ್ ಫಿಂಗರ್‌ಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ಮೊದಲೇ ಹೇಳಿ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟನ್ನು ಲ್ಯಾಬಿಗೆ ಕಳಿಸುತ್ತಾರೆಯೇ ಎಂದು ಕೇಳಿ, ವರದಿ ಕೈಗೆ ಬರುವವರೆಗೆ ಬಿಡಬೇಡಿ.

ಗ್ಯಾಂಗ್ಲಿಯನ್‌ಗೆ ಸೂಜಿಯಿಂದ ದ್ರವ ತೆಗೆದರೆ ಅರ್ಧ ಅಥವಾ ಅದಕ್ಕೂ ಹೆಚ್ಚು ಜನರಲ್ಲಿ ಮತ್ತೆ ತುಂಬುತ್ತದೆ. ಕಾಂಡದ ಸಮೇತ ಶಸ್ತ್ರಚಿಕಿತ್ಸೆಯಲ್ಲಿ ತೆಗೆದರೆ ಮರಳುವುದು ಕಡಿಮೆ, ಆದರೆ ಗಾಯದ ಗುರುತು, ಕೆಲವು ವಾರದ ಬಿಗಿತ ಅದರ ಜೊತೆಗೇ ಬರುತ್ತವೆ. ಶಸ್ತ್ರಚಿಕಿತ್ಸೆ ಆದರೆ ಮೊದಲ ಎರಡು ದಿನ ಕೈಯನ್ನು ಹೃದಯಕ್ಕಿಂತ ಎತ್ತರದಲ್ಲಿಡಿ, ಬೆರಳುಗಳನ್ನು ಅದೇ ದಿನದಿಂದ ಆಡಿಸಿ. ಹೊಲಿಗೆ ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ತೆಗೆಯುತ್ತಾರೆ. ಆಮೇಲೂ ಬೆರಳು ಪೂರ್ತಿ ಮಡಚಲು ಬಾರದಿದ್ದರೆ ಅಲ್ಲೇ ಫಿಸಿಯೋಥೆರಪಿ ಬರೆಸಿಕೊಳ್ಳಿ. ಸೂಜಿಯ ನಂತರ ಮರಳಿದ ಗಂಟಿಗೆ ಅವಸರ ಬೇಡ. ನೋವಿಲ್ಲದಿದ್ದರೆ ತಿಂಗಳ ಫೋಟೋ ಮತ್ತೆ ಶುರು ಮಾಡಿ. ನೋವಿದ್ದರೆ, ಅದೇ ಸೂಜಿಯನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುವ ಬದಲು ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳುವುದು ಮೇಲು.